ಪೇಟಿ ಮಾಸ್ತರರ ವಾರಸುದಾರರು: ರಾಕ್ ತಂಡದಲ್ಲಿ ಶಾಸ್ತ್ರೀಯ ಕೀಬೋರ್ಡ್ ವಾದಕ



ಗಾಯನ ಸಮಾಜವೂ ರಾಮನವಮಿಯ ಪೆಂಡಾಲುಗಳೂ ಕಿವಿ ತಿದ್ದಿದ ದಕ್ಷಿಣ ಬೆಂಗಳೂರಿನಲ್ಲಿ ನಿಂತು ರಾಕ್ ತಂಡಗಳ ಬಗ್ಗೆ ದತ್ತಿ ಉಪನ್ಯಾಸ ಕೊಡುವ ಅವಕಾಶ ನನಗೆ ಸಿಕ್ಕಿದೆ. ವಿಷಯವನ್ನು ಒಪ್ಪಿಕೊಂಡ ಸಂಸ್ಥೆಗೆ ಕೃತಜ್ಞತೆಗಳು.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಸಂಜೆ ಹೊತ್ತು ನಡೆದುಹೋದರೆ ಮಹಡಿ ಮನೆಗಳಿಂದ ಎರಡು ಬಗೆಯ ಪಾಠ ಕೇಳಿಸುತ್ತದೆ. ಒಂದು ಕಡೆ ಸರಳೆ, ಜಂಟಿ, ಅಲಂಕಾರ. ಇನ್ನೊಂದು ಕಡೆ ಕೀಬೋರ್ಡಿನ ಸ್ಕೇಲುಗಳು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಯ ತಯಾರಿ. ಎಷ್ಟೋ ಮನೆಗಳಲ್ಲಿ ಎರಡನ್ನೂ ಕಲಿಯುವುದು ಒಂದೇ ಮಗು. ಎಂಟನೆಯ ಗ್ರೇಡ್ ಮುಗಿಯುವ ಹೊತ್ತಿಗೆ ಪಿಯುಸಿ ಬರುತ್ತದೆ, ಕೀಬೋರ್ಡಿನ ಮೇಲೆ ಹೊದಿಕೆ ಬೀಳುತ್ತದೆ. ಕೆಲವರು ಮಾತ್ರ ಕಾಲೇಜಿನಲ್ಲಿ ಒಂದು ಬ್ಯಾಂಡ್ ಸೇರುತ್ತಾರೆ. ಆಗ ಮನೆಯಲ್ಲಿ ಕೇಳಿಬರುವ ಮಾತು ನಿಮಗೆಲ್ಲ ಗೊತ್ತು: ಇಷ್ಟು ವರ್ಷ ಕಲಿತದ್ದು ಇದಕ್ಕಾ?

ಆ ಮಾತಿನ ಹಿಂದಿನ ಆತಂಕವನ್ನು ನಾನು ಗೌರವಿಸುತ್ತೇನೆ. ಅದಕ್ಕೆ ಉತ್ತರ ಹುಡುಕುವುದೇ ಇವತ್ತಿನ ಉಪನ್ಯಾಸದ ಉದ್ದೇಶ. ಶಾಸ್ತ್ರೀಯವಾಗಿ ಪಳಗಿದ ಕೈ ರಾಕ್ ತಂಡದೊಳಗೆ ನಿಜಕ್ಕೂ ಏನು ಕೆಲಸ ಮಾಡುತ್ತದೆ? ಮೊದಲು ನಮ್ಮ ನಾಡಿನಲ್ಲಿ ಈ ಕರಿ-ಬಿಳಿ ಮನೆಗಳ ವಾದ್ಯಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ. ಆಮೇಲೆ ಪಶ್ಚಿಮದ ಕೆಲವು ವಾದಕರ ವೃತ್ತಿಜೀವನ. ಮೂರನೆಯದಾಗಿ, ಬೆಂಗಳೂರಿನ ಕರ್ನಾಟಕ ಸಂಗೀತ-ರಾಕ್ ತಂಡಗಳಲ್ಲಿ ರಾಗದ ಕೆಳಗೆ ಕೈಯಿಡುವ ಸಮಸ್ಯೆ. ಇದು ನಮ್ಮದೇ ಪ್ರಶ್ನೆಯಾದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕೊನೆಗೆ, ಹೊಟ್ಟೆಪಾಡಿನ ಮಾತು.

ಮೈಸೂರಿನಿಂದ ಶುರುಮಾಡುತ್ತೇನೆ. ಜಯಚಾಮರಾಜ ಒಡೆಯರ್ ಅವರನ್ನು ನಾವು ಶ್ರೀವಿದ್ಯಾ ಅಂಕಿತದ 94 ಕೃತಿಗಳ ವಾಗ್ಗೇಯಕಾರರೆಂದು ನೆನೆಯುತ್ತೇವೆ. ಅವರು ಮೊದಲು ಪಿಯಾನೋ ವಾದಕರಾಗಿ ಪಳಗಿದವರು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದವರು. 1945ರಲ್ಲಿ ಟ್ರಿನಿಟಿ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಇವತ್ತು ಜಯನಗರದ ಮಗು ಯಾವ ಸಂಸ್ಥೆಯ ಪ್ರಮಾಣಪತ್ರಕ್ಕಾಗಿ ಸ್ಕೇಲು ಉರುಹೊಡೆಯುತ್ತದೆಯೋ ಆ ಸಂಸ್ಥೆ ಹುಟ್ಟಿದ್ದು ಇದೇ ಟ್ರಿನಿಟಿಯಿಂದ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಅವರು ಮೊದಲ ಅಧ್ಯಕ್ಷರಾದರು. ರಷ್ಯಾದ ಪಿಯಾನೋ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಇಳಿವಯಸ್ಸಿನಲ್ಲಿ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು ಸಾಧ್ಯವಾದದ್ದು ಮೈಸೂರಿನ ಹಣದಿಂದ. 1950ರ ಮೇ ತಿಂಗಳಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಕೇಳಿಬಂದ ಸಂಜೆಗೂ ಮಹಾರಾಜರೇ ಪೋಷಕರು.

ಇದು ದೊಡ್ಡ ಪರಂಪರೆ, ನಿಜ. ಆದರೆ ರಾಕ್ ತಂಡದ ಕೀಬೋರ್ಡ್ ವಾದಕನ ಪೂರ್ವಜ ಅರಮನೆಯಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅವನಿದ್ದದ್ದು ಕಂಪನಿ ನಾಟಕದ ರಂಗದ ಮುಂದೆ. ಕಾಲು ಹಾರ್ಮೋನಿಯಂ ಒತ್ತುತ್ತ ಕೂತಿದ್ದ ಪೇಟಿ ಮಾಸ್ತರರನ್ನು ಇಲ್ಲಿರುವ ಹಿರಿಯರು ನೋಡಿರುತ್ತೀರಿ. ನಟನಿಗೆ ಶ್ರುತಿ ಹಿಡಿದುಕೊಡುವುದು ಅವರು. ಹಾಡು ಎತ್ತುವ ಮುನ್ನ ರಾಗದ ಸುಳಿವು ಕೊಡುವುದೂ ಅವರೇ. ನಟ ಸಾಲು ಮರೆತರೆ ಒಂದು ಆವರ್ತ ತುಂಬಿಸುತ್ತಿದ್ದರು. ಸಭೆ ಒನ್ಸ್ ಮೋರ್ ಎಂದರೆ ಕಣ್ಸನ್ನೆಯಲ್ಲೇ ಪಲ್ಲವಿಗೆ ತಿರುಗುತ್ತಿದ್ದರು. ಆರ್. ಪರಮಶಿವನ್ ಅವರಂಥವರು ರಂಗಗೀತೆಗಳನ್ನು ನಮ್ಮ ಕಾಲದವರೆಗೆ ದಾಟಿಸಿದ್ದು ಹಾರ್ಮೋನಿಯಂ ಮುಂದೆ ಕೂತೇ.

ಆ ವಾದ್ಯಕ್ಕೆ ಮರ್ಯಾದೆ ಸುಲಭವಾಗಿ ಸಿಗಲಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಬಾಗಿಲು ಮತ್ತೆ ತೆರೆಯತೊಡಗಿದ್ದು 1970ರ ದಶಕದ ಆರಂಭದಲ್ಲಿ. ಸ್ವರದಿಂದ ಸ್ವರಕ್ಕೆ ಜಾರಲಾರದ, ಶ್ರುತಿಭೇದ ಅರಿಯದ ವಾದ್ಯ ಎಂಬುದು ಆಕ್ಷೇಪ. ಆ ಮೂವತ್ತು ವರ್ಷ ಉತ್ತರ ಕರ್ನಾಟಕದ ಪೇಟಿ ವಾದಕರು ಸುಮ್ಮನೆ ಕೂರಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. ಅವರ ಶಿಷ್ಯ ರವೀಂದ್ರ ಕಾಟೋಟಿ ಮುಂದಾಗಿ 2018ರಲ್ಲಿ ಬೆಂಗಳೂರಿನಲ್ಲೇ ಹಾರ್ಮೋನಿಯಂಗೆಂದೇ ವಿಶ್ವಮಟ್ಟದ ಸಮ್ಮೇಳನ ನಡೆಸಿದರು. ಜಾರಲಾರದ ವಾದ್ಯವೆಂಬ ಆಕ್ಷೇಪಕ್ಕೆ ಇಂಥ ವಾದಕರ ಉತ್ತರ ಹೀಗೆ: ಸಾಥಿಯ ಪೇಟಿ ವಾದಕ ಗಾಯಕನ ಮೀಂಡಿನ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆಯ, ಹಿಂದೆ ಓಡುವುದಿಲ್ಲ. ಮೀಂಡು ಎಲ್ಲಿ ಹುಟ್ಟಿತು, ಎಲ್ಲಿ ನಿಂತಿತು ಎಂಬ ಎರಡು ಕಡೆ ಬೆರಳಿಟ್ಟು ನಡುವಿನ ಜಾಗವನ್ನು ಗಾಯಕನಿಗೆ ಬಿಡುತ್ತಾನೆ. ಈ ವಿವೇಕವನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಎರಡನೆಯ ಭಾಗಕ್ಕೆ ಬರೋಣ. ರಾಕ್ ಎಂದರೆ ಗಿಟಾರ್ ಎಂದು ನಾವು ತಿಳಿದಿದ್ದೇವೆ. ಗಿಟಾರಿನ ಪಕ್ಕದಲ್ಲಿ ಕೀಬೋರ್ಡಿಗೆ ಸಮಪಾಲು ತಂದುಕೊಟ್ಟವರಲ್ಲಿ ಪ್ರಮುಖ ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್. ಲೆಸ್ಟರ್ ಊರಿನ ಈತ ಚಿಕ್ಕಂದಿನಿಂದ ಶಾಸ್ತ್ರೀಯ ಪಿಯಾನೋ ಕಲಿತವನು. ಚರ್ಚುಗಳಿಗೆಂದು 1930ರ ದಶಕದಲ್ಲಿ ತಯಾರಾದ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ದನಿ ಒಡೆದು ಗೊಗ್ಗರಾಗುವಂತೆ ಮಾಡಿದ. ಆ ಒರಟು ದನಿಯಲ್ಲಿ ಅವನು ನುಡಿಸಿದ್ದು ಮಾತ್ರ ಪಶ್ಚಿಮದ ಶಾಸ್ತ್ರೀಯ ವಾಗ್ಗೇಯಕಾರ ಬಾಕ್‌ನಿಂದ ಕಲಿತ ಕಾರ್ಡುಗಳ, ಅಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛಗಳ, ನಡೆ. 1972ರ ಮೆಷೀನ್ ಹೆಡ್ ಆಲ್ಬಮ್ಮಿನ ಹೈವೇ ಸ್ಟಾರ್ ಹಾಡಿನ ಆರ್ಗನ್ ಭಾಗವನ್ನು ಕೇಳಿದರೆ ಇದು ಯಾರಿಗಾದರೂ ತಿಳಿಯುತ್ತದೆ. 1969ರ ಸೆಪ್ಟೆಂಬರಿನಲ್ಲಿ ಅವನು ರಾಕ್ ತಂಡಕ್ಕೂ ವಾದ್ಯವೃಂದಕ್ಕೂ ಸೇರಿ ಬರೆದ ಕಾನ್ಸರ್ಟೋ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದೊಂದಿಗೆ ಪ್ರದರ್ಶನಗೊಂಡಿತು. ನಿರ್ದೇಶಕ ಮಾಲ್ಕಮ್ ಆರ್ನಲ್ಡ್. ಸ್ಥಳ ಅದೇ ರಾಯಲ್ ಆಲ್ಬರ್ಟ್ ಹಾಲ್. ನಮ್ಮ ಮಹಾರಾಜರು ಪೋಷಿಸಿದ ಸಂಜೆಗೂ ಇದಕ್ಕೂ ನಡುವೆ ಹತ್ತೊಂಬತ್ತೇ ವರ್ಷ.

ದಿ ಡೋರ್ಸ್ ತಂಡದ ರೇ ಮಂಜಾರೆಕ್ ಇನ್ನೊಂದು ಬಗೆಯ ಉದಾಹರಣೆ. ವೇದಿಕೆಯ ಮೇಲೆ ಆ ತಂಡಕ್ಕೆ ಬೇಸ್ ಗಿಟಾರ್ ವಾದಕನೇ ಇರಲಿಲ್ಲ. ಮಂಜಾರೆಕ್ ಎಡಗೈಯಲ್ಲಿ ಪುಟ್ಟದೊಂದು ಪಿಯಾನೋ ಬೇಸ್, ಬಲಗೈಯಲ್ಲಿ ವಾಕ್ಸ್ ಆರ್ಗನ್ ನುಡಿಸುತ್ತಿದ್ದ. ಎಡಗೈ ಗಡಿಯಾರದಂತೆ ನಡೆಯುತ್ತಿರಬೇಕು, ಬಲಗೈ ಅದಕ್ಕೆ ಕಟ್ಟುಬೀಳದೆ ಹಾಡುತ್ತಿರಬೇಕು. ಇದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಎರಡು ಕೈಗೆ ಎರಡು ಬೇರೆ ಮಾತು ಕೊಡುವ ಬಾಕ್‌ನ ಪಾಠಗಳನ್ನು ಮಕ್ಕಳಿಂದ ವರ್ಷಗಟ್ಟಲೆ ಮಾಡಿಸುವುದು ಇದಕ್ಕಾಗಿಯೇ. ರಿಕ್ ವೇಕ್‌ಮನ್ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿ, ಪದವಿ ಮುಗಿಸದೆ ಸ್ಟುಡಿಯೋ ಕೆಲಸಕ್ಕೆ ಇಳಿದು, 1971ರಲ್ಲಿ ಯೆಸ್ ತಂಡ ಸೇರಿದ. ಜಾರ್ಡನ್ ರೂಡೆಸ್ ಒಂಬತ್ತನೆಯ ವಯಸ್ಸಿಗೆ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆ ಸೇರಿದವನು. 1999ರಿಂದ ಡ್ರೀಮ್ ಥಿಯೇಟರ್ ತಂಡದಲ್ಲಿದ್ದಾನೆ.

ನನಗೆ ಇವರೆಲ್ಲರಿಗಿಂತ ಹೆಚ್ಚು ಪಾಠ ಕಾಣುವುದು ಡಾನ್ ಏರಿ ಎಂಬುವವನ ಬದುಕಿನಲ್ಲಿ. ಹೆಸರು ಅಷ್ಟು ಪ್ರಸಿದ್ಧವಲ್ಲ. ಇಂಗ್ಲೆಂಡಿನ ಸಂಡರ್‌ಲ್ಯಾಂಡಿನವನು, 1948ರಲ್ಲಿ ಹುಟ್ಟಿದವನು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪದವಿ, ಮ್ಯಾಂಚೆಸ್ಟರಿನಲ್ಲಿ ಪಿಯಾನೋ ಡಿಪ್ಲೊಮಾ. ಆಮೇಲೆ ಕೊಲೊಸಿಯಂ II, ರೇನ್‌ಬೋ ತಂಡಗಳು. ಓಜಿ ಆಸ್ಬರ್ನ್‌ನ 1980ರ ಮೊದಲ ಸ್ವತಂತ್ರ ಆಲ್ಬಮ್ಮಿನಲ್ಲಿ ಮಿಸ್ಟರ್ ಕ್ರೌಲಿ ಹಾಡು ಶುರುವಾಗುವಾಗ ಕೇಳುವ ಆ ಗಂಭೀರ ಕೀಬೋರ್ಡ್ ಇವನದು. ಜೂಡಸ್ ಪ್ರೀಸ್ಟ್, ವೈಟ್‌ಸ್ನೇಕ್ ತಂಡಗಳ ಧ್ವನಿಮುದ್ರಣಗಳಲ್ಲೂ ಅವನಿದ್ದಾನೆ. 1997ರಲ್ಲಿ ಯೂರೋವಿಷನ್ ಸ್ಪರ್ಧೆಯಲ್ಲಿ ಬ್ರಿಟನ್ ಗೆದ್ದಾಗ ಆ ಹಾಡಿಗೆ ವಾದ್ಯವೃಂದ ನಡೆಸಿದವನೂ ಅವನೇ. 2002ರಲ್ಲಿ ಜಾನ್ ಲಾರ್ಡ್ ಬಿಟ್ಟ ಜಾಗಕ್ಕೆ ಡೀಪ್ ಪರ್ಪಲ್ ಅವನನ್ನು ಕರೆಯಿತು. ಗಾಯಕ ಬದಲಾದರೆ ತಂಡದ ಮುಖವೇ ಬದಲಾಗುತ್ತದೆ. ಕೀಬೋರ್ಡ್ ವಾದಕ ಮಾತ್ರ ತಂಡದಿಂದ ತಂಡಕ್ಕೆ ಹೋದರೂ ತನ್ನ ವಿದ್ಯೆಯನ್ನು ಇಡಿಯಾಗಿ ಹೊತ್ತೊಯ್ಯಬಲ್ಲ. ಬರೆದದ್ದನ್ನು ಓದಬಲ್ಲ, ಬೇಕಾದ ಶ್ರುತಿಗೆ ತಕ್ಷಣ ಬದಲಿಸಬಲ್ಲ, ಇನ್ನೊಬ್ಬರ ಹಾಡಿಗೆ ಒಂದು ನಿಮಿಷದಲ್ಲಿ ಬಾಗಿಲು ಕಟ್ಟಿಕೊಡಬಲ್ಲ. ಶಾಸ್ತ್ರೀಯ ಶಿಕ್ಷಣ ಅವನಿಗೆ ಖ್ಯಾತಿಗಿಂತ ದೊಡ್ಡದೊಂದನ್ನು ಕೊಟ್ಟಿತು: ಐದು ದಶಕ ಮೀರಿದ ದುಡಿಮೆ.

ಇಲ್ಲಿಯವರೆಗೆ ಹೇಳಿದ್ದು ಪಶ್ಚಿಮದ ಶಾಸ್ತ್ರೀಯ ಶಿಕ್ಷಣ ಪಶ್ಚಿಮದ ರಾಕ್‌ಗೆ ಹೋದ ಕಥೆ. ಅಲ್ಲಿ ಭಾಷೆ ಬದಲಾಗಲಿಲ್ಲ, ಉಚ್ಚಾರ ಬದಲಾಯಿತು ಅಷ್ಟೆ. ಬೆಂಗಳೂರಿನ ಪ್ರಶ್ನೆ ಇದಕ್ಕಿಂತ ಕಠಿಣ. ಮೂರನೆಯ ಭಾಗ ಇದೇ.

2003ರಲ್ಲಿ ಶುರುವಾದ ಅಗಂ ತಂಡದ ಹೆಸರನ್ನು ಇಲ್ಲಿನ ತರುಣರೆಲ್ಲ ಕೇಳಿದ್ದೀರಿ. ಗಾಯಕ ಮತ್ತು ಪಿಟೀಲು ವಾದಕ ಹರೀಶ್ ಶಿವರಾಮಕೃಷ್ಣನ್. ಕೀಬೋರ್ಡ್ ಮತ್ತು ಗೀತರಚನೆ ಸ್ವಾಮಿ ಸೀತಾರಾಮನ್. 2012ರ ಅವರ ಮೊದಲ ಆಲ್ಬಮ್ಮಿನಲ್ಲಿ ತ್ಯಾಗರಾಜರ ಮನವ್ಯಾಲಕಿಂಚರಾ, ಬಂಟುರೀತಿ, ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನಗಳು ರಾಕ್ ಕಟ್ಟಡದಲ್ಲಿ ಬಂದವು. ಹಾಡುವವರ ಬಗ್ಗೆ ಬಹಳ ಚರ್ಚೆಯಾಗಿದೆ. ಹಾಡಿನ ಕೆಳಗೆ ಕೈಯಿಟ್ಟವರ ಮುಂದೆ ಏನು ಸಮಸ್ಯೆ ಇತ್ತು ಎಂದು ನೋಡೋಣ.

ಶಂಕರಾಭರಣದ ಸ್ವರಗಳನ್ನು ಒಂದು ಬಿಟ್ಟು ಒಂದರಂತೆ ಮೂರು ಮೂರು ಜೋಡಿಸಿದರೆ ಏಳು ಕಾರ್ಡು ಸಿಗುತ್ತವೆ. ಸ-ಗ-ಪ, ರಿ-ಮ-ಧ, ಹೀಗೆ. ರಾಕ್ ಹಾಡುಗಳ ಬಹುಪಾಲು ಬಂಡವಾಳ ಸ-ಗ-ಪ, ಮ-ಧ-ಸ, ಪ-ನಿ-ರಿ ಎಂಬ ಮೂರೇ ಕಾರ್ಡು. ಭಾವುಕವಾಗಬೇಕಾದರೆ ಧ-ಸ-ಗ ಸೇರುತ್ತದೆ. ಈಗ ಮನವ್ಯಾಲಕಿಂಚರಾದ ನಳಿನಕಾಂತಿಯನ್ನು ತೆಗೆದುಕೊಳ್ಳಿ. ಸ ಗ ರಿ ಮ ಪ ನಿ ಸ. ಸ ನಿ ಪ ಮ ಗ ರಿ ಸ. ಧೈವತವಿಲ್ಲ. ಧೈವತ ಹೋದೊಡನೆ ರಿ-ಮ-ಧ, ಮ-ಧ-ಸ, ಧ-ಸ-ಗ ಮೂರೂ ಉದುರಿಹೋದವು. ರಾಕ್‌ನ ನೆಚ್ಚಿನ ನಾಲ್ಕು ಕಾರ್ಡುಗಳಲ್ಲಿ ಎರಡು ಇಲ್ಲ. ಪಶ್ಚಿಮದ್ದಷ್ಟೇ ಕಲಿತ ವಾದಕ ಅಭ್ಯಾಸಬಲದಿಂದ ಮ-ಧ-ಸ ಒತ್ತಿದ ಕ್ಷಣ ರಾಗದಲ್ಲಿಲ್ಲದ ಧೈವತ ಹಾಡಿನ ಕೆಳಗಿಂದ ತೂರಿ ಬರುತ್ತದೆ. ಗಾಯಕ ಎಷ್ಟೇ ಶುದ್ಧವಾಗಿ ಹಾಡಿದರೂ ಕೇಳುವವರ ಕಿವಿಯಲ್ಲಿ ನಳಿನಕಾಂತಿ ಕಲಕಿಹೋಗುತ್ತದೆ. ಈ ತಪ್ಪು ಕೇಳುಗನಿಗೆ ತಿಳಿಯುತ್ತದೆ. ಯಾರು ಮಾಡಿದರೆಂದು ತಿಳಿಯುವುದಿಲ್ಲ.

ಬಂಟುರೀತಿಯ ಹಂಸನಾದ ಇನ್ನೂ ಕುತೂಹಲಕರ. ಇವತ್ತು ರೂಢಿಯಲ್ಲಿ ಹಾಡುವಂತೆ ಅಲ್ಲಿ ಸ ರಿ ಮ ಪ ನಿ ಮಾತ್ರ, ಮಧ್ಯಮ ಪ್ರತಿ. ಗಾಂಧಾರ ಧೈವತಗಳಿಲ್ಲ. ಪೂರ್ತಿ ಮೂರು ಸ್ವರದ ಕಾರ್ಡುಗಳು ಎರಡೇ ಉಳಿದವು: ಪ-ನಿ-ರಿ, ನಿ-ರಿ-ಮ. ಮನೆಯ ಸ್ವರವಾದ ಷಡ್ಜದ ಮೇಲೆ ಕಾರ್ಡೇ ಇಲ್ಲ. ಸ ಮತ್ತು ಪ, ಅಷ್ಟೆ. ಪಿಯಾನೋ ಪಾಠದ ಕಣ್ಣಿಗೆ ಇದು ಬಡತನ. ರಾಕ್‌ನ ಕಿವಿಗೆ ಹಾಗಲ್ಲ. ವಿದ್ಯುತ್ ಗಿಟಾರಿನ ದನಿಯನ್ನು ಒಡೆದು ನುಡಿಸುವಾಗ ಗಾಂಧಾರ ಸೇರಿಸಿದರೆ ಕಂಪನಗಳು ಒಂದಕ್ಕೊಂದು ತಾಗಿ ಕೆಸರಾಗುತ್ತವೆ. ಅದಕ್ಕೇ ರಾಕ್ ಗಿಟಾರಿನವರು ಗಾಂಧಾರ ಬಿಟ್ಟು ಸ-ಪ ಮಾತ್ರ ಹಿಡಿಯುತ್ತಾರೆ. ಪವರ್ ಕಾರ್ಡ್ ಎನ್ನುವುದು ಅದನ್ನೇ. ಹಂಸನಾದ ತನ್ನ ಲಕ್ಷಣದಿಂದ ಬಿಟ್ಟ ಗಾಂಧಾರವನ್ನು ರಾಕ್ ಗಿಟಾರ್ ತನ್ನ ಭೌತಶಾಸ್ತ್ರದಿಂದ ಬಿಟ್ಟಿದೆ. ನಮ್ಮ ತಂಬೂರಿಯೂ ಶತಮಾನಗಳಿಂದ ಮೀಟುತ್ತಿರುವುದು ಪಂಚಮ-ಷಡ್ಜವನ್ನೇ. ಇದನ್ನು ಮೊದಲ ಸಲ ಗಮನಿಸಿದಾಗ ನನಗಾದ ಸಂತೋಷವನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು. ಇಲ್ಲಿ ಕೀಬೋರ್ಡ್ ವಾದಕ ಮಾಡಬೇಕಾದ್ದು ಗಾಂಧಾರ ತುಂಬದಿರುವುದು. ಕಾರ್ಡು ಗೊತ್ತಿದ್ದವನು ಕಾರ್ಡು ಹಾಕದೆ ಇರಬೇಕಾದರೆ ರಾಗ ಗೊತ್ತಿರಬೇಕು. ಮಹಡಿಯ ಮೇಲೆ ಎರಡೂ ಪಾಠ ಕಲಿತ ನಮ್ಮ ಮಗುವಿಗೆ ಲಂಡನ್ನಿನ ಮಗುವಿಗಿಲ್ಲದ ಅನುಕೂಲ ಇರುವುದು ಇಲ್ಲಿ.

ಇನ್ನು ಗಮಕ. ಹಾರ್ಮೋನಿಯಂ ಮೇಲಿದ್ದ ಹಳೆಯ ಆಕ್ಷೇಪ ಕೀಬೋರ್ಡಿಗೂ ಬಂದಿದೆ. 1970ರ ಮಿನಿಮೂಗ್ ಸಿಂಥಸೈಜರಿನಿಂದೀಚೆಗೆ ವಾದ್ಯದ ಎಡಬದಿಯಲ್ಲಿ ಒಂದು ಚಕ್ರ ಇರುತ್ತದೆ; ಅದನ್ನು ತಿರುಗಿಸಿದರೆ ಸ್ವರ ಜಾರುತ್ತದೆ. ಪ್ರಾಗ್‌ನಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದ ಯಾನ್ ಹ್ಯಾಮರ್ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಈ ಚಕ್ರದಿಂದ ಜಾನ್ ಮೆಕ್‌ಲಾಫ್ಲಿನ್‌ನ ಗಿಟಾರಿಗೆ ಸರಿಸಮನಾಗಿ ಸವಾಲ್-ಜವಾಬ್ ಮಾಡಿದ. ಆದರೆ ಚಕ್ರಕ್ಕೆ ಎಡಗೈ ಹೋಯಿತೆಂದರೆ ಕಾರ್ಡಿಗೆ ಕೈಯಿಲ್ಲ. ಜಾರ್ಡನ್ ರೂಡೆಸ್ ಮನೆಗಳೇ ಇಲ್ಲದ, ಬೆರಳು ಜಾರಿದಂತೆ ಸ್ವರ ಜಾರುವ ಕಂಟಿನ್ಯುಅಮ್ ಎಂಬ ಪಟ್ಟಿಯನ್ನು ಒಲಿಸಿಕೊಂಡಿದ್ದಾನೆ. ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ತಮಗೆ ಬೇಕಾದಂತೆ ತಿದ್ದಿಸಿಕೊಂಡು, ವರ್ಷಗಳ ಸಾಧನೆಯಿಂದ ಅದರಲ್ಲಿ ಗಮಕ ಹೊರಡಿಸಿ, 1994ರಲ್ಲಿ ಬಿಬಿಸಿ ಪ್ರಾಮ್ಸ್ ಉತ್ಸವದವರೆಗೆ ಹೋದರು. ಆದ್ದರಿಂದ ವಾದ್ಯದಿಂದಾಗದು ಎಂದು ಕೈಚೆಲ್ಲಬೇಕಿಲ್ಲ.

ಆದರೂ ತಂಡದೊಳಗೆ ಕೀಬೋರ್ಡ್ ವಾದಕ ಗಮಕದ ಹಿಂದೆ ಓಡಬಾರದೆಂದೇ ನನ್ನ ನಿಲುವು. ಪಕ್ಕದಲ್ಲಿ ಪಿಟೀಲಿದೆ, ಕಂಠವಿದೆ, ತಂತಿ ಜಗ್ಗಬಲ್ಲ ಗಿಟಾರಿದೆ. ಗಮಕ ಎಲ್ಲಿ ಹುಟ್ಟಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಮಾತ್ರ ಬೆರಳಿಡುವ ಪೇಟಿ ಮಾಸ್ತರರ ವಿವೇಕವೇ ಇಲ್ಲಿಗೆ ಸರಿಯಾದ ದಾರಿ. ತಾಳದ ವಿಷಯವನ್ನು ಬೇಗ ದಾಟುತ್ತೇನೆ. ಪ್ರೋಗ್ರೆಸಿವ್ ರಾಕ್‌ನವರು ಏಳು, ಐದು ಎಣಿಕೆಯ ತಾಳಗಳಿಗೆ ಬಹಳ ಶ್ರಮಪಡುತ್ತಾರೆ. ಮಿಶ್ರಛಾಪು, ಖಂಡಛಾಪು ತಟ್ಟಿ ಬೆಳೆದ ಮಗುವಿಗೆ ಅದು ಮನೆಮಾತು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಇದನ್ನು ಜರ್ಮನಿಯ ಎಂಬ್ರಿಯೊ ಎಂಬ ರಾಕ್ ತಂಡದೊಂದಿಗೆ ನುಡಿಸಿ ಎಂದೋ ತೋರಿಸಿಕೊಟ್ಟಿದ್ದಾರೆ.

ಕೊನೆಯ ಭಾಗ, ಜೀವನೋಪಾಯ. ಪೋಷಕರು ಕೇಳಲು ಕಾದಿರುವುದು ಇದನ್ನೇ ಎಂದು ಬಲ್ಲೆ.

ಬೆಂಗಳೂರಿನ ರಾಕ್ ತಂಡದ ಕೀಬೋರ್ಡಿನಿಂದ ಹೊರಟು ಅತಿ ದೂರ ಹೋದವರು ರಿಕಿ ಕೇಜ್. ಅವರು ಓದಿದ್ದು ನಮ್ಮ ಊರಿನ ಆಕ್ಸ್‌ಫರ್ಡ್ ದಂತ ವೈದ್ಯಕೀಯ ಕಾಲೇಜಿನಲ್ಲಿ. ಏಂಜಲ್ ಡಸ್ಟ್ ಎಂಬ ಪ್ರೋಗ್ರೆಸಿವ್ ರಾಕ್ ತಂಡಕ್ಕೆ ಕೀಬೋರ್ಡ್ ನುಡಿಸಿ, 2003ರಲ್ಲಿ ಸ್ವಂತ ಸ್ಟುಡಿಯೋ ಮಾಡಿ, ಸಾವಿರಾರು ಜಾಹೀರಾತು ಜಿಂಗಲ್‌ಗಳನ್ನೂ ಆ್ಯಕ್ಸಿಡೆಂಟ್, ವೆಂಕಟ ಇನ್ ಸಂಕಟದಂಥ ಕನ್ನಡ ಚಿತ್ರಗಳ ಸಂಗೀತವನ್ನೂ ಮಾಡಿದರು. 2015ರಲ್ಲಿ ವಿಂಡ್ಸ್ ಆಫ್ ಸಂಸಾರಕ್ಕೆ ಗ್ರ್ಯಾಮಿ ಬಂತು. ದಿ ಪೊಲೀಸ್ ತಂಡದ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್ ಜೊತೆ ಮಾಡಿದ ಡಿವೈನ್ ಟೈಡ್ಸ್ 2022 ಮತ್ತು 2023ರಲ್ಲಿ ಮತ್ತೆ ಗ್ರ್ಯಾಮಿ ತಂದಿತು. ಕೇಜ್ ಬಹುಮಟ್ಟಿಗೆ ತಾವಾಗಿ ಕಲಿತವರು. ಆದ್ದರಿಂದ ಶಾಸ್ತ್ರೀಯ ಶಿಕ್ಷಣವಿಲ್ಲದೆ ಈ ದಾರಿ ಇಲ್ಲವೆಂದು ನಾನು ಹೇಳಲಾರೆ. ನಾನು ಹೇಳುವುದು ಇಷ್ಟು: ಅವರಿಗೂ ಅನ್ನ ಕೊಟ್ಟದ್ದು ತಂಡದ ವೇದಿಕೆಯಲ್ಲ, ತಂಡದಲ್ಲಿ ಕಲಿತ ಬೇಗ ಕೇಳಿ ಬೇಗ ಕಟ್ಟುವ ಕೌಶಲ.

ಅಗಂ ತಂಡದವರು ಬಹುಕಾಲ ಕಚೇರಿ ಕೆಲಸದ ಜೊತೆಗೇ ಸಂಗೀತ ನಡೆಸಿದರು. ದಕ್ಷಿಣ ಬೆಂಗಳೂರಿನ ತರುಣ ಕೀಬೋರ್ಡ್ ವಾದಕನ ವಾರ ಹೇಗಿರುತ್ತದೆ? ಬೆಳಗ್ಗೆ ಮಕ್ಕಳಿಗೆ ಪಾಠ. ಮಧ್ಯಾಹ್ನ ಯಾರದೋ ಸ್ಟುಡಿಯೋದಲ್ಲಿ ಪ್ರೋಗ್ರಾಮಿಂಗ್. ಗಣೇಶನ ಹಬ್ಬದ ತಿಂಗಳಲ್ಲಿ ರಾತ್ರಿಯೆಲ್ಲ ಆರ್ಕೆಸ್ಟ್ರಾ; ಅಲ್ಲಿ ಗಾಯಕಿ ಕೊನೆಗಳಿಗೆಯಲ್ಲಿ ಅರ್ಧ ಮನೆ ಇಳಿಸಿ ಎಂದರೆ ಇಳಿಸಲೇಬೇಕು. ವಾರಾಂತ್ಯಕ್ಕೆ ಸ್ವಂತ ಬ್ಯಾಂಡ್. ಇದರಲ್ಲಿ ಯಾವುದೂ ಕೀಳಲ್ಲ. ಆರ್ಕೆಸ್ಟ್ರಾ ಎಂದು ಮೂಗು ಮುರಿಯುವವರು ಒಂದು ರಾತ್ರಿ ಆ ಕೀಬೋರ್ಡಿನ ಹಿಂದೆ ನಿಂತು ನೋಡಬೇಕು. ರಾಜನ್-ನಾಗೇಂದ್ರರಿಂದ ಹಂಸಲೇಖರವರೆಗೆ ಇಡೀ ವಾದ್ಯವೃಂದದ ಪಿಟೀಲು, ಕೊಳಲು, ಗಂಟೆಗಳನ್ನು ಅಲ್ಲಿ ಒಬ್ಬನೇ ಎರಡು ಕೈಯಲ್ಲಿ ಎತ್ತುತ್ತಿರುತ್ತಾನೆ.

ಟ್ರಿನಿಟಿಯವರು 2012ರಿಂದ ರಾಕ್ ಮತ್ತು ಪಾಪ್‌ಗೆ ಬೇರೆಯೇ ಪರೀಕ್ಷೆ ತಂದಿದ್ದಾರೆ. ಅದರಲ್ಲಿ ಧ್ವನಿಮುದ್ರಿತ ಹಿನ್ನೆಲೆಯೊಂದಿಗೆ ನುಡಿಸಬೇಕು. ಒಳ್ಳೆಯ ಹೆಜ್ಜೆ. ಆದರೆ ಧ್ವನಿಮುದ್ರಿಕೆ ಎಂದೂ ಸಾಲು ಮರೆಯುವುದಿಲ್ಲ, ಒನ್ಸ್ ಮೋರ್ ಕೇಳುವುದಿಲ್ಲ, ಉಸಿರು ತೆಗೆದುಕೊಳ್ಳಲು ಅರ್ಧ ಮಾತ್ರೆ ತಡೆಯುವುದಿಲ್ಲ. ಅದನ್ನು ಕಲಿಯಲು ಮನುಷ್ಯರೊಂದಿಗೇ ನುಡಿಸಬೇಕು. ಆದ್ದರಿಂದ ಶಿಕ್ಷಕರಲ್ಲಿ ನನ್ನ ಕೋರಿಕೆ: ಐದನೆಯ ಗ್ರೇಡ್ ದಾಟಿದ ಮಕ್ಕಳನ್ನು ವಾರಕ್ಕೊಮ್ಮೆಯಾದರೂ ಒಬ್ಬ ಹಾಡುಗಾರ, ಒಬ್ಬ ತಾಳವಾದ್ಯದವರ ಜೊತೆ ಕೂರಿಸಿ. ಪೋಷಕರಲ್ಲಿ ಕೋರಿಕೆ: ಪಿಯುಸಿ ಬಂತೆಂದು ಕೀಬೋರ್ಡ್ ಮುಚ್ಚಬೇಡಿ, ಕಾಲೇಜಿನ ಬ್ಯಾಂಡಿಗೆ ಮಗು ಹೊರಟರೆ ಅಭ್ಯಾಸ ನಡೆಯುವ ಕೋಣೆಗೆ ಒಮ್ಮೆ ಹೋಗಿ ಕೇಳಿ. ಈ ಸಂಸ್ಥೆಯಲ್ಲಿ ಕೋರಿಕೆ: ಕೆಳಗಿನ ಕೋಣೆಯನ್ನು ಶನಿವಾರ ಸಂಜೆ ಇಂಥ ತಂಡಗಳ ಅಭ್ಯಾಸಕ್ಕೆ ಬಾಡಿಗೆಯಿಲ್ಲದೆ ಕೊಡುವುದನ್ನು ಆಡಳಿತ ಮಂಡಳಿ ಪರಿಶೀಲಿಸಲಿ. ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ರಾತ್ರಿ ಎಂಟಕ್ಕೆ ನಿಲ್ಲಿಸಿದರೆ ಸಾಕು.

ಪ್ರಶ್ನೋತ್ತರಕ್ಕೆ ಅಧ್ಯಕ್ಷರು ಸಮಯ ಕೊಟ್ಟಿದ್ದಾರೆ. ವೇದಿಕೆಯ ಮೇಲೆ ಕೀಬೋರ್ಡ್ ಇದೆ. ನಳಿನಕಾಂತಿಗೆ ಮ-ಧ-ಸ ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಈಗ ವಿದ್ಯಾರ್ಥಿಗಳು ನುಡಿಸಿ ತೋರಿಸಲಿದ್ದಾರೆ. ದಯವಿಟ್ಟು ಕೂತಿರಿ.